ಅಗ್ಗದ ಚೈನ್ ಸಾ ತಗೊಳ್ಳಬಹುದಾ? ತಗೊಂಡರೆ ಮೊದಲು ಇಷ್ಟು ಮಾಡಿ

ಸರಕಾರಿ ಜಾಲಿಯನ್ನು ಒಂದು ಮಳೆಗಾಲ ಸುಮ್ನೆ ಬಿಟ್ಟರೆ ಸಾಕು, ಬದು ದಾಟಿ ಬಂಡಿ ದಾರಿಯನ್ನೂ ಮುಚ್ಚುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊಡಲಿ ಹಿಡಿಯುವ ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಆಗ ಫೋನಿನಲ್ಲಿ '58 ಸಿಸಿ, 22 ಇಂಚು, ಆರು ಸಾವಿರ ರೂಪಾಯಿ' ಎಂಬ ಚೈನ್ ಸಾ (ಮರ ಕೊಯ್ಯುವ ಇಂಜಿನ್ ಗರಗಸ) ಜಾಹೀರಾತು ಕಾಣುತ್ತದೆ. ಮನೆಗೆ ಮಷಿನ್ ಬರುತ್ತದೆ. ತಿಂಗಳೊಳಗೆ ಅದು ದನದ ಕೊಟ್ಟಿಗೆಯ ಮೂಲೆ ಸೇರುತ್ತದೆ. ಕೇಳಿದರೆ 'ಚೀನಾ ಮಾಲ್ ರೀ, ಹೋಯ್ತು' ಅನ್ನುತ್ತಾರೆ.

ಹಾಗೆ ಮೂಲೆ ಸೇರಿದ ಮಷಿನ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಬಹಳಷ್ಟು ತಾವಾಗಿ ಕೆಟ್ಟಿರಲಿಲ್ಲ. ಕೆಲವಕ್ಕೆ ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದ್ದರು. ಉಳಿದವನ್ನು ಮೊಂಡು ಚೈನಿನಲ್ಲಿ ಒತ್ತಿ ಒತ್ತಿ ಇಂಜಿನ್ ಸುಟ್ಟಿದ್ದರು. ಹಾಗಾಗಿ ನನ್ನ ಮಾತು ಇಷ್ಟು: ವರ್ಷಕ್ಕೆ ಹತ್ತು ಹದಿನೈದು ದಿನ ಬದು ಸ್ವಚ್ಛ ಮಾಡುವ ರೈತ ಅಗ್ಗದ ಮಷಿನ್ ಧಾರಾಳವಾಗಿ ತಗೊಳ್ಳಬಹುದು, ಆದರೆ ಚೈನ್ ಹರಿತ ಮಾಡಲು ಕಲಿಯಲೇಬೇಕು. ದಿನಾ ಕಟ್ಟಿಗೆ ಕೊಯ್ದು ಬದುಕುವವರು, ಕಟ್ಟಿಗೆ ಅಡ್ಡಾಗೆ ಮಾಲು ಹಾಕುವವರು ಅದರ ತಂಟೆಗೆ ಹೋಗಬೇಡಿ. ಸ್ಟಿಲ್, ಹಸ್ಕ್‌ವರ್ನಾದಂಥ ದೊಡ್ಡ ಕಂಪನಿಯ ಮಷಿನ್‌ಗೆ ಕೆಲವು ಪಟ್ಟು ದುಡ್ಡು ಹೋದರೂ ನಿಮಗೆ ಅದೇ ಸರಿ.

ಮೊದಲ ಹಂತ: ಅಂಗಡಿಯಲ್ಲಿ ನೋಡುವುದು

ಡಬ್ಬಿಯ ಮೇಲಿನ ಸಿಸಿ ನಂಬಬೇಡಿ. ಒಳಗಿನ ಪುಸ್ತಕದಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ), ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಅಳತೆ ಇದ್ದರೆ ನೀವೇ ಲೆಕ್ಕ ಹಾಕಿ. ಬೋರ್ 45.2 ಮಿಲಿಮೀಟರ್, ಸ್ಟ್ರೋಕ್ 34 ಮಿಲಿಮೀಟರ್ ಇದ್ದರೆ ಅದು 54.6 ಸಿಸಿ ಆಗುತ್ತದೆ, 58 ಆಗುವುದಿಲ್ಲ. 54 ಸಿಸಿ ನಮ್ಮ ಕೆಲಸಕ್ಕೆ ಧಾರಾಳವಾಯಿತು. ಆದರೆ 58 ಎಂದು ನಂಬಿ 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಕಬ್ಬಿಣದ ಪಟ್ಟಿ) ತಗೊಂಡರೆ ಇಂಜಿನ್ ಏದುಸಿರು ಬಿಡುತ್ತದೆ. 18 ಇಂಚಿನ ಬಾರ್ ತಗೊಳ್ಳಿ. ಜಾಲಿಗೆ ಅದಕ್ಕಿಂತ ದೊಡ್ಡದು ಬೇಡವೇ ಬೇಡ.

ಸಿಸಿಗಿಂತ ಮುಖ್ಯವಾದದ್ದು ಬ್ರೇಕ್. ಮುಂದಿನ ಹಿಡಿಕೆಯ ಎದುರು ಇರುವ ಅಗಲ ಪಟ್ಟಿಯೇ ಚೈನ್ ಬ್ರೇಕ್. ಮಷಿನ್ ಚಾಲೂ ಮಾಡಿಸಿ, ನೆಲದ ಮೇಲೆ ಗಟ್ಟಿಯಾಗಿ ಹಿಡಿದು, ಒಂದು ಕ್ಷಣ ಪೂರ್ತಿ ರೇಸ್ ಕೊಟ್ಟು, ಮಣಿಕಟ್ಟಿನಿಂದ ಆ ಪಟ್ಟಿಯನ್ನು ಮುಂದಕ್ಕೆ ತಳ್ಳಿ. ಚೈನ್ ತಟ್ಟನೆ ನಿಲ್ಲಬೇಕು. ನಿಂತ ಕೂಡಲೇ ರೇಸ್ ಬಿಡಿ, ಇಲ್ಲದಿದ್ದರೆ ಕ್ಲಚ್ ಸುಡುತ್ತದೆ. ಚೈನ್ ಸ್ವಲ್ಪ ಹೊತ್ತು ತಿರುಗಿ ಆಮೇಲೆ ನಿಂತರೂ ಆ ಮಷಿನ್ ಬೇಡ. ಬಾರಿನ ತುದಿಯ ಮೇಲಿನ ಕಾಲು ಭಾಗ ಮರಕ್ಕೆ ತಗುಲಿದರೆ ಇಡೀ ಮಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಎಗರುತ್ತದೆ. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆಗ ಕಾಪಾಡುವುದು ಆ ಬ್ರೇಕ್ ಒಂದೇ. ಬಾರಿನ ಬುಡದಲ್ಲಿ, ಚೈನ್ ತುಂಡಾದರೆ ಹಿಡಿಯುವ ಸಣ್ಣ ಕೊಕ್ಕೆ ಇದೆಯಾ, ಹಿಂದಿನ ಹಿಡಿಕೆಯ ಮೇಲಿನ ಲಾಕ್ ಒತ್ತದೆ ರೇಸ್ ಏಳುತ್ತದಾ ಎಂದೂ ನೋಡಿ. ಲಾಕ್ ಒತ್ತದೆ ರೇಸ್ ಎದ್ದರೆ ವಾಪಸ್ ಕೊಡಿ.

ಆನ್‌ಲೈನ್‌ನಲ್ಲಿ ತರಿಸಿದರೆ ಈ ಪರೀಕ್ಷೆಯನ್ನು ವಾಪಸ್ ಕಳಿಸುವ ಗಡುವು ಮುಗಿಯುವುದರೊಳಗೆ ಮಾಡಿ. ನನ್ನ ಕೇಳಿದರೆ ಕಲಬುರಗಿಯಲ್ಲೋ ಬೀದರ್‌ನಲ್ಲೋ ಕೃಷಿ ಯಂತ್ರದ ಅಂಗಡಿಗೇ ಹೋಗಿ, ಐನೂರು ರೂಪಾಯಿ ಜಾಸ್ತಿ ಆದರೂ ಸರಿ, ಕಣ್ಣೆದುರು ಚಾಲೂ ಮಾಡಿಸಿ ತಗೊಳ್ಳಿ. ಕಿತ್ತಳೆ ಬಿಳಿ ಬಣ್ಣ ಬಳಿದು, ದೊಡ್ಡ ಕಂಪನಿಯ ಹೆಸರಿನ ಸ್ಟಿಕ್ಕರ್ ಅಂಟಿಸಿ ಅರ್ಧ ಬೆಲೆಗೆ ಮಾರುವ ಮಾಲನ್ನಂತೂ ಮುಟ್ಟಲೇಬೇಡಿ. ಹೆಸರಿನಲ್ಲೇ ಸುಳ್ಳು ಹೇಳಿದವನು ಬ್ರೇಕಿನಲ್ಲಿ ಸತ್ಯ ಹೇಳಿರುತ್ತಾನಾ?

ಈ ಮಷಿನ್‌ಗಳಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಯಾವ ಹೆಸರಿನಲ್ಲಿ ಬಂದರೂ 52, 58 ಸಿಸಿ ಎಂದು ಮಾರುವವುಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಕಾರ್ಬ್ಯುರೇಟರ್, ಕ್ಲಚ್, ಪ್ಲಗ್ ಅಗ್ಗವಾಗಿ ಸಿಗುತ್ತವೆ. ಹಗ್ಗ ಎಳೆಯುವ ಸ್ಟಾರ್ಟರ್‌ನಲ್ಲಿ ಮಾತ್ರ ಬೇರೆ ಬೇರೆ ನಮೂನೆ ಇವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಎರಡನೇ ಹಂತ: ಡಬ್ಬಿಯ ಚೈನ್ ತೆಗೆದಿಡಿ

ಅಗ್ಗದ ಮಷಿನ್‌ನಲ್ಲಿ ಎಲ್ಲಕ್ಕಿಂತ ಕಳಪೆ ಸಾಮಾನು ಅದರ ಚೈನ್. ಹೊಸ ಮಂಚದ ನವಾರು ಜಗ್ಗಿದ ಹಾಗೆ ಜಗ್ಗುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ. ಒರೆಗಾನ್ ಕಂಪನಿಯ ಅಥವಾ ಅದರ ಮಟ್ಟದ ಇನ್ನೊಂದು ಚೈನ್‌ಗೆ ಸಾವಿರ, ಒಂದೂವರೆ ಸಾವಿರ ಖರ್ಚು ಮಾಡಿ. ಮಷಿನ್ ತಗೊಂಡ ದಿನವೇ ಮಾಡಿ. ಅಳತೆ ಬಾರಿನ ಮೇಲೇ ಕೊರೆದಿರುತ್ತದೆ. ಈ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಪಿಚ್ (ಕೊಂಡಿಗಳ ಅಂತರದ ಅಳತೆ) 0.325 ಇಂಚು, ಗೇಜ್ (ಬಾರಿನ ಅಂಚಿನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ) 0.058 ಇಂಚು, ಆ ಸೀಳಿನೊಳಗೆ ಕೂರುವ ಕೊಂಡಿಗಳು 18 ಇಂಚಿಗೆ 72. ಕೊಂಡಿಗಳನ್ನು ಎಣಿಸಿಯೇ ತಗೊಳ್ಳಿ.

ಚೈನ್ ಹಾಕುವುದು ಸುಲಭ. ಹಲ್ಲಿನ ಹರಿತ ಬಾರಿನ ಮೇಲ್ಭಾಗದಲ್ಲಿ ಮುಂದಕ್ಕೆ ಮುಖ ಮಾಡಿರಬೇಕು, ಅಷ್ಟೇ. ಬಿಗಿ ಮಾಡುವಾಗ ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದು ಪಾನಾದಿಂದ ನಟ್ ಬಿಗಿಯಿರಿ. ಕೆಳಗಡೆ ಚೈನ್ ಜೋತು ಬಿದ್ದಿರಬಾರದು, ಕೈಗವಸು ಹಾಕಿ ಎಳೆದರೆ ಸಲೀಸಾಗಿ ತಿರುಗಬೇಕು. ಕೆಲಸ ಮುಗಿದ ಮೇಲೆ ಸಡಿಲ ಮಾಡಿ. ಬಿಸಿಯಲ್ಲಿ ಹಿಗ್ಗಿದ ಚೈನ್ ತಣ್ಣಗಾದಾಗ ಕುಗ್ಗಿ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟನ್ನೇ ಜಗ್ಗುತ್ತದೆ.

ಮೂರನೇ ಹಂತ: ಪೆಟ್ರೋಲ್, ಆಯಿಲ್

ಹಳೆಯ ಲೂನಾ, ರಾಜದೂತ್ ಓಡಿಸಿದವರಿಗೆ ಇದು ಗೊತ್ತು. ಈಗಿನ ಬೈಕ್ ಮಾತ್ರ ಓಡಿಸಿದ ಹುಡುಗರು ಇಲ್ಲೇ ತಪ್ಪುವುದು. ಇದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನಲ್ಲೇ ಆಯಿಲ್ ಕಲಸಬೇಕು, ಪಿಸ್ಟನ್‌ಗೆ ಬೇರೆ ಆಯಿಲ್ ಹೋಗುವ ದಾರಿಯೇ ಇಲ್ಲ. ಬರೀ ಪೆಟ್ರೋಲ್ ಹಾಕಿ ಚಾಲೂ ಮಾಡಿದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಈ ಮಷಿನ್‌ಗಳ ಪುಸ್ತಕದಲ್ಲಿ ಹೆಚ್ಚಾಗಿ 25ಕ್ಕೆ 1 ಎಂದಿರುತ್ತದೆ. ಅಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂಟಿ (2T, ಅಂದರೆ ಟೂ ಸ್ಟ್ರೋಕ್) ಆಯಿಲ್. ದೊಡ್ಡ ಕಂಪನಿಗಳ 50ಕ್ಕೆ 1 ಲೆಕ್ಕವನ್ನು ಇದಕ್ಕೆ ತರಬೇಡಿ. ಹೊಗೆ ಸ್ವಲ್ಪ ಜಾಸ್ತಿ ಬಂದರೂ ಇಂಜಿನ್ ಉಳಿಯುತ್ತದೆ. ಬೈಕಿಗೆ ಹಾಕುವ ಫೋರ್ ಸ್ಟ್ರೋಕ್ ಆಯಿಲ್ ನಡೆಯುವುದಿಲ್ಲ, ಅಂಗಡಿಯವರು 'ಏನೂ ಆಗಲ್ಲ ಹಾಕ್ರಿ' ಎಂದರೂ ನಡೆಯುವುದಿಲ್ಲ. ಆಯಿಲ್ ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ (JASO FC, FD) ಎಂಬ ಗುಣಮಟ್ಟದ ಗುರುತು ಇರಲಿ. ಬೇರೆ ಕ್ಯಾನಿನಲ್ಲಿ ಕಲಸಿ, ಅಲುಗಾಡಿಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅಗ್ಗದ ರಬ್ಬರ್ ಪೈಪನ್ನು ಮೆತ್ತಗೆ ಮಾಡಿ ಒಡೆಯುತ್ತದೆ. ಒಂದು ವಾರಕ್ಕೆ ಬೇಕಾದಷ್ಟೇ ಕಲಸಿ. ತಿಂಗಳ ಹಿಂದೆ ಕಲಸಿಟ್ಟದ್ದನ್ನು ಹಾಕಲೇಬೇಡಿ.

ಚೈನ್‌ಗೆ ಹೋಗುವ ಆಯಿಲ್ ಟ್ಯಾಂಕ್ ಬೇರೆ. ಟ್ರ್ಯಾಕ್ಟರ್‌ನಿಂದ ಇಳಿಸಿದ ಸುಟ್ಟ ಆಯಿಲ್ ಅದಕ್ಕೆ ಹಾಕುವವರು ಬಹಳ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಪಂಪ್ ಸವೆಯುತ್ತದೆ. ಹೊಸ ಆಯಿಲ್ ಹಾಕಿ. ತುದಿಯನ್ನು ಬಿಳಿ ಕಾಗದದ ಕಡೆ ಹಿಡಿದು ಅರ್ಧ ರೇಸ್ ಕೊಟ್ಟರೆ ಕಾಗದದ ಮೇಲೆ ಆಯಿಲ್ ಗೆರೆ ಮೂಡಬೇಕು. ಮೂಡದಿದ್ದರೆ ಕೊಯ್ಯಲು ಹೋಗಬೇಡಿ.

ಕಾರ್ಬ್ಯುರೇಟರ್‌ನ ಸ್ಕ್ರೂಗಳನ್ನು ತಿಳಿಯದೆ ತಿರುಗಿಸಬೇಡಿ. ಎಚ್ (H) ಸ್ಕ್ರೂ ಪೂರ್ತಿ ರೇಸ್‌ನಲ್ಲಿ ಹೋಗುವ ಪೆಟ್ರೋಲ್ ಹೊಂದಿಸುವುದು. ಅದನ್ನು ಬಿಗಿದರೆ ಶಬ್ದ ಜೋರಾಗುತ್ತದೆ, ಕೇಳಲು ಚೆಂದ. ಆದರೆ ಪೆಟ್ರೋಲ್ ಜೊತೆ ಆಯಿಲೂ ಕಡಿಮೆಯಾಗುತ್ತದೆ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಹೊಂದಿಸಿದ ಮಷಿನ್ ಡಿಸೆಂಬರಿನ ಬೀದರ್ ಚಳಿಯಲ್ಲಿ ಇನ್ನಷ್ಟು ಒಣಗಿ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ) ಓಡುತ್ತದೆ, ಯಾಕೆಂದರೆ ತಣ್ಣನೆಯ ಗಾಳಿ ದಟ್ಟ. ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಸರಿ. ಬಿಳಚಿಕೊಂಡಿದ್ದರೆ ಎಚ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಬೇಕು.

ನಾಲ್ಕನೇ ಹಂತ: ಹರಿತ ಮಾಡುವುದು

ಇಲ್ಲಿ ನಿಧಾನಕ್ಕೆ ಓದಿ. ಬಹಳ ಮಂದಿ ಮಷಿನ್ ಕೆಡಿಸುವುದು ಈ ಹಂತದಲ್ಲೇ.

ಚೈನ್ ಮೊಂಡಾದದ್ದು ಹೊಟ್ಟಿನಲ್ಲಿ ಗೊತ್ತಾಗುತ್ತದೆ. ಹರಿತ ಚೈನ್ ದಪ್ಪ ಚೂರು ಉಗುಳುತ್ತದೆ. ಮೊಂಡು ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಮಷಿನ್ ತನ್ನ ಭಾರಕ್ಕೇ ಮರದೊಳಗೆ ಇಳಿಯಬೇಕು, ನೀವು ಒತ್ತಬೇಕಾಗಿ ಬಂದರೆ ನಿಲ್ಲಿಸಿ. ಕೊಯ್ದ ಸೀಳಿನಿಂದ ಹೊಗೆ ಬಂದರೆ ಆಗಲೇ ತಡವಾಗಿದೆ. ಜಾಲಿ ಗಟ್ಟಿ ಕಟ್ಟಿಗೆ, ತೊಗಟೆ ತುಂಬ ಧೂಳು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗೊಮ್ಮೆ ಚೈನ್‌ಗೆ ಫೈಲ್ (ಅರ) ಹಾಕುವುದು ನನ್ನ ಪದ್ಧತಿ, ನೀವೂ ಹಾಗೇ ಮಾಡಿ.

0.325 ಚೈನ್‌ಗೆ 4.8 ಮಿಲಿಮೀಟರಿನ ದುಂಡು ಫೈಲ್ ಬೇಕು. ಸಣ್ಣ ಮಷಿನ್‌ನ ತೆಳು ಚೈನ್‌ಗೆ 4 ಮಿಲಿಮೀಟರ್. ಸಿಕ್ಕ ಫೈಲ್ ಹಾಕಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಹೋಗುತ್ತದೆ. ಬಾರನ್ನು ವೈಸ್‌ನಲ್ಲಿ ಕಚ್ಚಿಸಿ. ಹೊಲದಲ್ಲಿದ್ದರೆ ಒಂದು ಬೊಡ್ಡೆಯಲ್ಲಿ ಸೀಳು ಕೊಯ್ದು, ಇಂಜಿನ್ ಆರಿಸಿ, ಬಾರನ್ನು ಅದರಲ್ಲಿ ತೂರಿಸಿ ನಿಲ್ಲಿಸಿ. ಚೈನ್ ಅಲುಗಾಡದ ಹಾಗೆ ಬ್ರೇಕ್ ಹಾಕಿ. ಎಲ್ಲಿಂದ ಶುರು ಮಾಡಿದ್ದು ಎಂದು ತಿಳಿಯಲು ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ.

ಬಹಳ ಹಲ್ಲುಗಳ ಮೇಲೆ ಓರೆಯಾಗಿ ಸಣ್ಣ ಗೆರೆ ಇರುತ್ತದೆ. ಅದು 30 ಡಿಗ್ರಿಯ ಗುರುತು, ಫೈಲ್ ಅದಕ್ಕೆ ಸಮನಾಗಿ ಸಾಗಬೇಕು. ಫೈಲಿನ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಕಾಣಬೇಕು. ಚೈನಿನ ಒಳಬದಿಯಿಂದ ಹೊರಬದಿಗೆ ತಳ್ಳಿ. ವಾಪಸ್ ತರುವಾಗ ಎತ್ತಿಕೊಳ್ಳಿ. ಗರಗಸದ ಹಾಗೆ ಹಿಂದೆ ಮುಂದೆ ಉಜ್ಜುವವರನ್ನು ಎಲ್ಲ ಊರಲ್ಲೂ ನೋಡಿದ್ದೇನೆ. ಅದರಿಂದ ಫೈಲೂ ಹೋಗುತ್ತದೆ, ಹಲ್ಲೂ ಹೋಗುತ್ತದೆ. ಒಂದು ಹಲ್ಲಿಗೆ ಮೂರು ಎಳೆ ಹಾಕಿದರೆ ಎಲ್ಲ ಹಲ್ಲಿಗೂ ಮೂರೇ. ಒಂದು ಬದಿಯ ಹಲ್ಲು ಎಲ್ಲ ಮುಗಿಸಿ, ಆಮೇಲೆ ಆ ಕಡೆ ನಿಂತು ಇನ್ನೊಂದು ಬದಿ. ಬಲಗೈ ರೂಢಿಯವರಿಗೆ ಒಂದು ಬದಿ ಚೆನ್ನಾಗಿ ಆಗುತ್ತದೆ, ಇನ್ನೊಂದು ಸೋಲುತ್ತದೆ. ಕೊಯ್ಯುವಾಗ ಸೀಳು ಒಂದೇ ಕಡೆಗೆ ವಾಲುತ್ತಿದ್ದರೆ ಕಾರಣ ಇದೇ. ಕಲ್ಲಿಗೆ ಬಡಿದು ಒಂದು ಹಲ್ಲು ಗಿಡ್ಡ ಆಗಿದ್ದರೆ ಉಳಿದವನ್ನೂ ಅದರ ಉದ್ದಕ್ಕೆ ತರಬೇಕು. ಬೇಜಾರಿನ ಕೆಲಸ, ಆದರೂ ಬಿಡಬೇಡಿ.

ಬೆಳಕಿಗೆ ಹಿಡಿದಾಗ ಹಲ್ಲಿನ ಅಂಚಿನಲ್ಲಿ ಬಿಳಿ ಹೊಳಪು ಕಂಡರೆ ಇನ್ನೂ ಮೊಂಡಿದೆ. ಹರಿತವಾದ ಅಂಚು ಹೊಳೆಯುವುದಿಲ್ಲ.

ಪ್ರತಿ ಹಲ್ಲಿನ ಮುಂದೆ ಒಂದು ಗುಬುಟು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ನಿರ್ಧರಿಸುವುದು ಅದೇ. ಹಲ್ಲು ಸವೆದು ತಗ್ಗಾದಂತೆ ಗುಬುಟು ಎತ್ತರ ಉಳಿಯುತ್ತದೆ. ಆಗ ಎಷ್ಟು ಹರಿತ ಮಾಡಿದರೂ ಚೈನ್ ಮರದ ಮೇಲೆ ಜಾರುತ್ತದೆ. ಮೂರ್ನಾಲ್ಕು ಸಲ ಹರಿತ ಮಾಡಿದ ಮೇಲೆ ಎತ್ತರ ಅಳೆಯುವ ಗೇಜ್ ಪಟ್ಟಿ ಇಟ್ಟು, ಚಪ್ಪಟೆ ಫೈಲ್‌ನಿಂದ ಗುಬುಟನ್ನು ಇಳಿಸಿ. ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗೆ ಇರಬೇಕು. ಕಣ್ಣಂದಾಜಿನಲ್ಲಿ ಮಾಡಬೇಡಿ. ಜಾಸ್ತಿ ಇಳಿಸಿದರೆ ಹಲ್ಲು ಗಬಕ್ಕನೆ ಕಚ್ಚಿ ಮಷಿನ್ ಎಗರುತ್ತದೆ. ಆ ಪಟ್ಟಿಗೆ ಬಹಳ ದುಡ್ಡಿಲ್ಲ, ಫೈಲ್ ತಗೊಳ್ಳುವಾಗಲೇ ತಗೊಳ್ಳಿ.

ವೆಲ್ಡಿಂಗ್ ಅಂಗಡಿಗೆ ಒಯ್ದು ಗ್ರೈಂಡರ್ ಹಿಡಿಸುವುದು ಎಲ್ಲರೂ ಹೇಳುವ ಅಡ್ಡದಾರಿ. ದಯವಿಟ್ಟು ಮಾಡಬೇಡಿ. ಗ್ರೈಂಡರ್ ಬಿಸಿಗೆ ಹಲ್ಲು ನೀಲಿ ಬಣ್ಣಕ್ಕೆ ತಿರುಗಿದರೆ ಆ ಉಕ್ಕಿನ ಗಟ್ಟಿತನ ಹೋಯಿತು. ಆಮೇಲೆ ಅದು ಒಂದು ಬೊಡ್ಡೆಗೂ ನಿಲ್ಲುವುದಿಲ್ಲ.

ಐದನೇ ಹಂತ: ಕೊಯ್ಯುವುದು

ಕನ್ನಡಕ, ಬೂಟು, ದಪ್ಪ ಪ್ಯಾಂಟ್ ಹಾಕಿ. ಪಂಚೆ, ಟವೆಲ್, ಹವಾಯಿ ಚಪ್ಪಲಿ ಬೇಡ. ರೇಸ್ ಬಿಟ್ಟಾಗ ಚೈನ್ ನಿಂತಿರಬೇಕು, ತಿರುಗುತ್ತಿದ್ದರೆ ಐಡಲ್ ಇಳಿಸಿ. ಬಾರಿನ ತುದಿಯಿಂದ ಕೊಯ್ಯಬೇಡಿ, ಮಷಿನ್ ಹೆಗಲಿಗಿಂತ ಮೇಲೆ ಎತ್ತಬೇಡಿ.

ಜಾಲಿಯನ್ನು ನೆಲಕ್ಕೆ ಹತ್ತಿ ಕೊಯ್ದರೆ ಮತ್ತೆ ಚಿಗುರುವುದಿಲ್ಲ ಎಂದು ಬಾರನ್ನು ಮಣ್ಣಿಗೇ ಇಳಿಸುತ್ತಾರೆ. ಮಣ್ಣು ತಾಗಿದ ಚೈನ್ ಕ್ಷಣದಲ್ಲಿ ಮೊಂಡು. ಜಾಲಿಯ ಚಿಗುರಂತೂ ನೆಲದೊಳಗಿನ ಬುಡದಿಂದಲೇ ಬರುತ್ತದೆ, ಅದನ್ನು ಅಗೆದೇ ತೆಗೆಯಬೇಕು. ಒಂದು ಗೇಣು ಮೇಲೆ ಕೊಯ್ದು, ಬುಡವನ್ನು ಜೆಸಿಬಿಗೋ ಸಲಿಕೆಗೋ ಬಿಡಿ. ಬದುವಿನ ಬೇವಿನ ಮರದಲ್ಲಿ ಹಳೆಯ ತಂತಿ, ಮೊಳೆ ಒಳಗೆ ಸೇರಿಕೊಂಡಿರುತ್ತವೆ. ಶಹಾಬಾದ್ ಕಲ್ಲಿನ ಬೇಲಿ ಪಕ್ಕದಲ್ಲಿದ್ದರೆ ಬಾರಿನ ತುದಿ ಎಲ್ಲಿದೆ ಎಂದು ನೋಡುತ್ತಲೇ ಇರಿ.

ಬೇವು, ಹುಣಸೆ, ಸಾಗುವಾನಿಯಂಥ ಮರ ಕೆಡವುವ ವಿಚಾರ ಇದ್ದರೆ ಮೊದಲು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ. ಸ್ವಂತ ಹೊಲದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಆರನೇ ಹಂತ: ಎತ್ತಿಡುವುದು

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಐಡಲ್‌ನಲ್ಲೇ ಬಿಟ್ಟು ತಾನಾಗಿ ಆರುವವರೆಗೆ ಓಡಿಸಿ. ಚೈನ್ ಸಡಿಲಿಸಿ, ಬಾರಿನ ಅಂಚಿನ ಸೀಳಿನಲ್ಲಿ ಕೂತ ಹೊಟ್ಟು ಕೆರೆದು ತೆಗೆಯಿರಿ. ಬಾರನ್ನು ತಿರುವಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯುತ್ತವೆ. ಗಾಳಿ ಫಿಲ್ಟರ್ ತೊಳೆದು ಒಣಗಿಸಿ. ಟ್ಯಾಂಕಿನೊಳಗಿನ ಪೆಟ್ರೋಲ್ ಪೈಪ್ ಮೆತ್ತಗಾಗಿದ್ದರೆ ಆಗಲೇ ಬದಲಿಸಿ, ಅದರ ಜೊತೆ ತುದಿಯ ಸಣ್ಣ ಫಿಲ್ಟರನ್ನೂ.