ಫೋಟೋ ನಾನು ತೆಗೆದದ್ದು, ನಂಬರ್ ನಮ್ಮ ಗ್ರೂಪಿನದು

2024ರ ನವೆಂಬರ್ ಮೊದಲ ವಾರ. ಹಾಸನಾಂಬೆ ಗುಡಿಯ ಬಾಗಿಲು ಹಾಕಿದ ಮಾರನೇ ದಿನ ಇರಬೇಕು. ದೀಪಾವಳಿ ಮುಗಿಸಿ ಮಕ್ಕಳು ವಾಪಸ್ ಬಂದಿದ್ದರು. ಒಂಬತ್ತನೇ ಕ್ಲಾಸಿನ ಹಾಜರಿ ಕೂಗಿದೆ. ಒಬ್ಬಳು ಬಂದಿರಲಿಲ್ಲ. ನಾನಿರುವುದು ಸಕಲೇಶಪುರ ಕಡೆಯ ಒಂದು ಹೈಸ್ಕೂಲಿನಲ್ಲಿ. ಕಾಫಿ ಹಣ್ಣಾಗುವ ಹೊತ್ತಿಗೆ ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಮಕ್ಕಳು ನಾಲ್ಕು ದಿನ ತಪ್ಪಿಸಿಕೊಳ್ಳುವುದು ನಮಗೆ ಹೊಸದಲ್ಲ. ಆಬ್ಸೆಂಟ್ ಹಾಕಿ ಪಾಠ ಶುರು ಮಾಡಿದೆ.

ಗುರುವಾರ ಅವಳ ಅಪ್ಪ ಬಂದರು. ಸ್ಟಾಫ್ ರೂಮಿನ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. "ಟಿಸಿ ಕೊಟ್ಬುಡಿ ಮೇಡಂ" ಅಂದರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಕೊನೆಗೆ ಜೇಬಿನಿಂದ ಫೋನ್ ತೆಗೆದು ನನ್ನ ಕೈಗಿಟ್ಟರು. ರಾತ್ರಿ 11ರಿಂದ 2 ಗಂಟೆವರೆಗೆ 23 ಮಿಸ್ಡ್ ಕಾಲ್. ಒಂದೂ ಗೊತ್ತಿರುವ ನಂಬರ್ ಅಲ್ಲ. "ಎತ್ತಿದ್ರೆ ಮಗಳ ಹೆಸ್ರು ಹಿಡ್ದು ಕೇಳ್ತಾರೆ" ಅಂದು ಅಂಗಳದ ಕಡೆ ನೋಡಿದರು.

ಇನ್‌ಸ್ಟಾಗ್ರಾಂನಲ್ಲಿ ಅವಳ ಹೆಸರಿನಲ್ಲಿ ಒಂದು ಖಾತೆ. ಪ್ರತಿಭಾ ಕಾರಂಜಿಗೆ ಹಸಿರು ಸೀರೆ ಉಟ್ಟು ಹಾಡಿದ ದಿನದ ಫೋಟೋ. ಕೆಳಗೆ "ಬೋರ್ ಆಗ್ತಿದೆ, ಕಾಲ್ ಮಾಡಿ", ಅದರ ಮುಂದೆ ಅಪ್ಪನ ನಂಬರ್. ಆ ಮನೆಯಲ್ಲಿ ಇದ್ದದ್ದು ಅದೊಂದೇ ಫೋನ್.

ಮುಂದೆ ಹೋಗುವ ಮೊದಲು ಒಂದು ಮಾತು. ಗುರುತು ಸಿಗುವಂಥ ಒಂದೆರಡು ವಿವರ ಇಲ್ಲಿ ಬದಲಿಸಿದ್ದೇನೆ. ಮಕ್ಕಳ ಹೆಸರು, ಶಾಲೆ, ಊರು ಹೇಳುವುದಿಲ್ಲ. ಹೇಳುವ ಹಾಗೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಕಲಂ, ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಎರಡೂ ಅದನ್ನು ತಡೆಯುತ್ತವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅಪ್ಪ ಹೋದ ತಕ್ಷಣ ಆ ಖಾತೆಯ ಸ್ಕ್ರೀನ್‌ಶಾಟ್ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿದೆ. "ಇದು ಯಾರ ಕೆಲಸ, ಗೊತ್ತಿದ್ದರೆ ಹೇಳಿ" ಅಂತ ಬರೆದೆ. ಮುಖ ಮುಚ್ಚಲಿಲ್ಲ, ನಂಬರ್ ಮುಚ್ಚಲಿಲ್ಲ. ಸಹಾಯ ಮಾಡ್ತಿದ್ದೀನಿ ಅನ್ನೋ ಭಾವನೆ. ಸಂಜೆ ಹೊತ್ತಿಗೆ ಬಿಸಿಯೂಟದ ಅಡುಗೆಯವರಿಗೂ ವಿಷಯ ಗೊತ್ತಿತ್ತು. ಆ ಖಾತೆಗೆ ಅಲ್ಲಿಯವರೆಗೆ ಇದ್ದದ್ದು 40 ಫಾಲೋವರ್ಸ್. ಊರಿನೊಳಗೆ ಅದನ್ನು ಹರಡಿದವರಲ್ಲಿ ನಾನೂ ಒಬ್ಬಳು.

ಅದೇ ವರ್ಷದ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆ ಹೊತ್ತಲ್ಲಿ, ನಮ್ಮ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಹೆಣ್ಣುಮಕ್ಕಳ ಮುಖ ಮುಚ್ಚದೆ ಖಾಸಗಿ ವಿಡಿಯೋ ಹಂಚಿದರು. ಹಂಚುವುದು, ಇಟ್ಟುಕೊಳ್ಳುವುದು ಅಪರಾಧ ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಕೆ ಕೊಡಬೇಕಾಯಿತು. ಆಗ ನಾನು ಸ್ಟಾಫ್ ರೂಮಿನಲ್ಲಿ ಜನರನ್ನು ಬಾಯ್ತುಂಬಾ ಬೈದಿದ್ದೆ. ಆರು ತಿಂಗಳಿಗೆ ನನ್ನ ಬೆರಳೂ ಅದೇ ಕೆಲಸ ಮಾಡಿತ್ತು.

ಮಾರನೇ ದಿನ ಎಚ್‌ಎಂ ಸರ್ ಒಂದು ಕಾಗದ ತಂದರು. ಯಾವುದೋ ಶಾಲೆಯ "ಸೈಬರ್ ಕಿರುಕುಳ ತಡೆ ನೀತಿ", ನೆಟ್‌ನಿಂದ ಇಳಿಸಿದ್ದು. ಇದನ್ನೇ ನಮ್ಮ ಲೆಟರ್‌ಹೆಡ್‌ಗೆ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸೋಣ ಅಂದರು. ಓದಿದೆ. ತಪ್ಪು ಮಾಡಿದವರ ಮೇಲೆ ಐಟಿ ಕಾಯ್ದೆಯ 66ಎ ಕಲಂ ಪ್ರಕಾರ ಕ್ರಮ ಅಂತ ಇತ್ತು. ನಾನು ಸಮಾಜ ವಿಜ್ಞಾನದವಳು, ಅದೊಂದು ಗೊತ್ತಿತ್ತು. 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ. ಮಿಕ್ಕ ಕಲಂಗಳೆಲ್ಲ ಐಪಿಸಿಯವು. ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಾಗಿತ್ತು. ಕೊನೆಯ ಸಾಲು ಇನ್ನೂ ಚೆನ್ನಾಗಿತ್ತು: "ಶಾಲೆಯ ಆವರಣದ ಹೊರಗೆ ನಡೆದದ್ದಕ್ಕೆ ಶಾಲೆ ಜವಾಬ್ದಾರಿಯಲ್ಲ." ನಮ್ಮಲ್ಲಿ ಮಕ್ಕಳು ಶಾಲೆಗೆ ಫೋನ್ ತರುವುದೇ ಇಲ್ಲ. ನಡೆಯುವುದೆಲ್ಲ ರಾತ್ರಿ ಮನೆಯಲ್ಲಿ, ಅಪ್ಪನದೋ ಅಣ್ಣನದೋ ಫೋನಿನಲ್ಲಿ. ಬೆಳಗ್ಗೆ ಅದೇ ಬೆಂಚಿಗೆ ಬಂದು ಕೂರುತ್ತದೆ. ಆ ಸಾಲು ಇಟ್ಟುಕೊಂಡರೆ ನೀತಿಯಲ್ಲಿ ಉಳಿಯುವುದೇನು?

ಆ ಕಾಗದ ಪಕ್ಕಕ್ಕಿಟ್ಟು ಮೊದಲು ಆಗಬೇಕಾದ ಕೆಲಸ ಹಿಡಿದೆವು. ಕನ್ನಡ ಮೇಷ್ಟ್ರು ಫೋನ್ ಹಿಡಿದರು, ನಾನು ಬರೆದುಕೊಂಡೆ. ಖಾತೆಯ ಹೆಸರು ಯಾವಾಗ ಬೇಕಾದರೂ ಬದಲಾಗುತ್ತದೆ, ಹಾಗಾಗಿ ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಬೇಕು. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಟೈಮ್ ಕಾಣಬೇಕು. ಕಾಲ್ ಲಿಸ್ಟ್ ಅಳಿಸಬಾರದು. ಅಪ್ಪನಿಗೆ ಅದೇ ಕಷ್ಟ, ಅದು ಕಣ್ಣಿಗೆ ಬಿದ್ದಾಗಲೆಲ್ಲ ಅಳಿಸಿಹಾಕಬೇಕು ಅನ್ನಿಸುತ್ತಿತ್ತಂತೆ. ಪ್ರಿಂಟ್ ಹಾಕಿಸಲು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿವರೆಗೆ ಹೋದೆ. ಕೌಂಟರಿನಲ್ಲಿ ನಮ್ಮ ಹಳೇ ವಿದ್ಯಾರ್ಥಿ ಕೂತಿದ್ದ. "ಏನ್ ಮಿಸ್, ಪೆನ್‌ಡ್ರೈವಾ?" ಅಂದ. ಸುಮ್ನೆ ಎರಡು ಬಿಳಿ ಹಾಳೆ ತಗೊಂಡು ವಾಪಸ್ ಬಂದೆ. ಶಾಲೆಯ ಪ್ರಿಂಟರಿಗೆ ಇಂಕ್ ತುಂಬಿಸಿದ್ದು ಆವತ್ತೇ.

ಆಮೇಲೆ ಖಾತೆಯನ್ನು ರಿಪೋರ್ಟ್ ಮಾಡಿದೆವು. 2021ರ ಐಟಿ ನಿಯಮಗಳಲ್ಲಿ, ಇನ್ನೊಬ್ಬರ ಸೋಗು ಹಾಕಿದ ಖಾತೆ ಬಗ್ಗೆ ಅವರೋ ಅವರ ಪರವಾಗಿ ಬೇರೆಯವರೋ ದೂರು ಕೊಟ್ಟರೆ 24 ಗಂಟೆಯೊಳಗೆ ಕಂಪನಿ ಕ್ರಮ ತಗೋಬೇಕು ಅಂತಿತ್ತು. ಮಾರನೇ ಸಂಜೆ ನೋಡಿದರೆ ಖಾತೆ ಇರಲಿಲ್ಲ. ರಾತ್ರಿ ಕಾಲ್‌ಗಳು ಮಾತ್ರ ನಿಲ್ಲಲಿಲ್ಲ. ನಂಬರ್ ಆಗಲೇ ಎಲ್ಲೆಲ್ಲೋ ಹೋಗಿತ್ತು. ಅದರಲ್ಲಿ ಒಬ್ಬ, ದನಿ ಕೇಳಿದರೆ ದೊಡ್ಡ ಗಂಡಸು, ವಾಟ್ಸಾಪ್‌ನಲ್ಲಿ ಹುಡುಗಿಯ ಫೋಟೋ ಕೇಳಿ ಮೇಲಿಂದ ಮೇಲೆ ಮೆಸೇಜ್ ಹಾಕುತ್ತಿದ್ದ.

ಅಲ್ಲಿಗೆ ಇದು ಎರಡು ವಿಷಯ ಆಯಿತು. ಖಾತೆ ಮಾಡಿದ್ದು ಬೇರೆ, ಈ ಮನುಷ್ಯ ಬೇರೆ. ಎರಡನ್ನೂ ಒಂದೇ ಅಂದುಕೊಂಡು ನಾವು ಎರಡು ದಿನ ಕಳೆದಿದ್ದೆವು. ಮಗುವಿನ ಬೆನ್ನು ಬಿದ್ದು ಲೈಂಗಿಕ ಉದ್ದೇಶದಿಂದ ಮೆಸೇಜ್ ಮಾಡುವುದು ಪೋಕ್ಸೊ 11ನೇ ಕಲಂ, ಶಿಕ್ಷೆ ಮೂರು ವರ್ಷದವರೆಗೆ. ಇದು ಗೊತ್ತಾದ ಮೇಲೆ ಶಾಲೆಗೆ ಆಯ್ಕೆ ಇಲ್ಲ. 19ನೇ ಕಲಂ ಪ್ರಕಾರ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ ನಮಗೇ ಆರು ತಿಂಗಳವರೆಗೆ ಜೈಲು ಆಗಬಹುದು. "ಹುಡುಗಿ ಮರ್ಯಾದೆ ಪ್ರಶ್ನೆ, ಬೇಡ ಬಿಡಿ" ಅನ್ನೋ ಮಾತು ಶಾಲೆಯ ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ, ಸಭೆಯಲ್ಲಿ ಬಂತು. ಎಚ್‌ಎಂ ಸರ್ ಮೊದಲ ಸಲ ದನಿ ಎತ್ತರಿಸಿ, "ನಂ ಕೈಲಿಲ್ಲ ಕಣ್ರೀ ಅದು" ಅಂದರು.

ಒಂದು ಠಾಣೆಗೆ ಹೋದೆವು. ಮೇಜಿನ ಹಿಂದೆ ಕೂತವರು ಪೂರ್ತಿ ಕೇಳಲಿಲ್ಲ. "ಮಕ್ಕಳ ಜಗಳ ಮೇಡಂ, ಸ್ಕೂಲಲ್ಲೇ ಮುಗಿಸ್ಕೊಳಿ. ಇಲ್ಲಾಂದ್ರೆ 1930ಕ್ಕೆ ಹೊಡೀರಿ" ಅಂದರು. 1930 ಇರುವುದು ಮುಖ್ಯವಾಗಿ ಹಣ ಕಳೆದುಕೊಂಡವರಿಗೆ. ಹೊರಗೆ ಬಂದು, ಜೀಪಿನ ಪಕ್ಕದಲ್ಲೇ ನಿಂತು, 1098ಕ್ಕೆ ಮಾಡಿದೆ. ಮಕ್ಕಳ ಸಹಾಯವಾಣಿ. ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ವಿಷಯ ಹೋಯಿತು. ಅವರು ಮಾತಾಡಿದ ಮೇಲೆ ಎಲ್ಲ ಬೇಗ ಬೇಗ ನಡೆಯಿತು. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಂಗಸರು ಮಕ್ಕಳ ದೂರಿಗೇ ಬೇರೆ ವಿಭಾಗ ಇದೆ, ಅಲ್ಲೂ ಹಾಕಿದೆವು. ನಮ್ಮ ಮಾತನ್ನು ಅರ್ಧ ಪುಟದಲ್ಲಿ, ದಿನಾಂಕದ ಸಮೇತ, ಬರೆದುಕೊಂಡು ಹೋಗಿದ್ದರೆ ಆ ಮೊದಲ ದಿನವೇ ಕೇಳಿಸಿಕೊಳ್ಳುತ್ತಿದ್ದರೇನೋ. ನಾವು ಮೂರು ಜನ ಒಟ್ಟಿಗೆ ಮಾತಾಡಿದ್ದೆವು.

ಹೇಳಿಕೆ ತಗೊಳ್ಳಲು ಲೇಡಿ ಎಸ್‌ಐ ಹುಡುಗಿಯ ಮನೆಗೇ ಬಂದರು. ಚೂಡಿದಾರ್ ಹಾಕಿಕೊಂಡು ಬಂದಿದ್ದರು. ಹೇಳಿಕೆ ತಗೊಳ್ಳುವಾಗ ಯೂನಿಫಾರ್ಮ್ ಇರಬಾರದು ಅಂತ ಪೋಕ್ಸೊ 24ನೇ ಕಲಂನಲ್ಲೇ ಇದೆ. ಲೈನಿನ ಅಕ್ಕಪಕ್ಕದವರು ಯಾರೋ ನೆಂಟರು ಅಂದುಕೊಂಡರು. ಹುಡುಗಿಯ ಅವ್ವ ಕಾಫಿ ಕೊಟ್ಟರು. ಆ ಮೇಡಂ ಲೋಟ ಹಿಡಿದುಕೊಂಡು ಮೊದಲು ಕೇಳಿದ್ದು, "ಯಾವ ಹಾಡು ಹಾಡಿದ್ದೆ ಕಂದ?" ಅಂತ.

ಖಾತೆ ಮಾಡಿದ್ದು ಯಾರು ಅಂತ ನಾವು ಹುಡುಕಲೇ ಇಲ್ಲ. ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಅವಳ ಪಕ್ಕದ ಬೆಂಚಿನ ಗೆಳತಿ ಬಂದು ನಿಂತಳು. ಏನೂ ಕೇಳದೆ ತಾನೇ ಹೇಳಿದಳು: "ಮಿಸ್, ನಂಬರ್ ಹಾಕಿದ್ದು ನಾನಲ್ಲ." ನಂಬರಿನ ವಿಷಯ ಕ್ಲಾಸಿನಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ. ಕೆಂಪು ಪೆನ್ನು ಕೆಳಗಿಟ್ಟು, "ಕೂತ್ಕೋ" ಅಂದೆ. ಜನಪದ ಗೀತೆಗೆ ತನ್ನನ್ನು ಬಿಟ್ಟು ಅವಳನ್ನು ಆರಿಸಿದ್ದಕ್ಕೆ ಹೊಟ್ಟೆಕಿಚ್ಚಾಗಿತ್ತು. ಖಾತೆ ಮಾಡಿದ್ದು ಇವಳು. ನಂಬರ್ ಹಾಕಿದ್ದು ಪಿಯುಸಿ ಓದುವ ಇವಳ ಚಿಕ್ಕಪ್ಪನ ಮಗ. ನಂಬರ್ ಎಲ್ಲಿ ಸಿಕ್ಕಿತು ಅಂದೆ. "ಕ್ಲಾಸ್ ಗ್ರೂಪಲ್ಲಿ ಇತ್ತಲ್ಲ ಮಿಸ್." ಫೋಟೋ? "ನೀವೇ ಹಾಕಿದ್ರಲ್ಲ."

ಹೌದು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಗ್ರೂಪ್ ಮಾಡುವುದು ರೂಢಿ ಆಯಿತು. ಆಮೇಲೆ ಪ್ರತಿ ಕ್ಲಾಸಿಗೂ ಒಂದು. ಮಳೆ ರಜೆ, ಫೀಸು, ಪ್ರಗತಿ ಪತ್ರ, ಎಲ್ಲ ಅದರಲ್ಲೇ. 62 ಮನೆಗಳ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಫೋಟೋದ ಕೆಳಗೆ ಹುಡುಗಿಯ ಪೂರ್ತಿ ಹೆಸರು, ಕ್ಲಾಸು, ಬಹುಮಾನ, ಎಲ್ಲ ನಾನೇ ಹೆಮ್ಮೆಯಿಂದ ಟೈಪ್ ಮಾಡಿದ್ದೆ.

ಆ ಇಬ್ಬರನ್ನು ಏನು ಮಾಡಬೇಕು ಅನ್ನುವುದು ದೊಡ್ಡ ಚರ್ಚೆ. ನಕಲಿ ಖಾತೆಗೆ ಸಾಮಾನ್ಯವಾಗಿ ಹಾಕುವುದು ಐಟಿ ಕಾಯ್ದೆಯ 66ಸಿ, 66ಡಿ. ಮೂರು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಆದರೆ 18 ತುಂಬದವರಿಗೆ ದಾರಿ ಬೇರೆ. ಏಳು ವರ್ಷಕ್ಕಿಂತ ಕಮ್ಮಿ ಶಿಕ್ಷೆಯ ಅಪರಾಧ ಆದರೆ, ದೊಡ್ಡವರು ಜೊತೆಗೆ ಸೇರಿರದಿದ್ದರೆ, 2016ರ ಬಾಲ ನ್ಯಾಯ ಮಾದರಿ ನಿಯಮಗಳ ಪ್ರಕಾರ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಹಾಗೇ ಆಯಿತು. ಅದರ ಮುಂದಿನದು ಬರೆಯುವುದಿಲ್ಲ.

ಎಸ್‌ಡಿಎಂಸಿಯವರು ಖಾತೆ ಮಾಡಿದವಳಿಗೆ ಟಿಸಿ ಕೊಡಿ ಅಂದರು. ಎಂಟನೇ ಕ್ಲಾಸಿನವರೆಗೆ ಆ ಮಾತೇ ಇಲ್ಲ, ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 16ನೇ ಕಲಂ ತಡೆಯುತ್ತದೆ. ಒಂಬತ್ತಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಆದರೂ ಬೇಡ ಅಂತ ನಾವು ಮೂವರು ಹಟ ಹಿಡಿದೆವು. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿಸೋಣ ಅಂತ ಇನ್ನೊಂದು ಸಲಹೆ. ಇನ್ನೂರು ಮಕ್ಕಳ ಮುಂದೆ ಒಬ್ಬಳನ್ನು ನಿಲ್ಲಿಸುವುದು ಖಾತೆ ಮಾಡಿದ್ದಕ್ಕಿಂತ ಏನು ಕಮ್ಮಿ? ಬಲಿಯಾದವಳ ಕಥೆಯನ್ನೂ ಮತ್ತೊಮ್ಮೆ ಎಲ್ಲರಿಗೂ ಹೇಳಿದ ಹಾಗಾಗುತ್ತಿತ್ತು. ಅದೂ ಬಿದ್ದುಹೋಯಿತು. ಗೆಳತಿಯನ್ನು ಬೇರೆ ಸೆಕ್ಷನ್‌ಗೆ ಹಾಕಿದೆವು. ಯಾರಾದರೂ ಜಾಗ ಬದಲಿಸಬೇಕು ಅಂದರೆ ಅದು ತೊಂದರೆ ತಿಂದವಳು ಆಗಬಾರದು ಅಂತ ಆವತ್ತೇ ಬರೆದಿಟ್ಟೆವು. ಹುಡುಗಿ ಎರಡು ವಾರ ಬಿಟ್ಟು ಶಾಲೆಗೆ ಬಂದಳು. ಟಿಸಿ ಅರ್ಜಿ ಅಪ್ಪನೇ ಹರಿದರು.

ನಮ್ಮ ನೀತಿ ಹುಟ್ಟಿದ್ದು ಆಮೇಲೆ. ಡಿಸೆಂಬರಿನಲ್ಲಿ, ಒಂದೇ ಹಾಳೆ. ರಾಜ್ಯದ ಮಕ್ಕಳ ರಕ್ಷಣಾ ನೀತಿ 2016ರಿಂದಲೇ ಇದೆ, ಅದನ್ನು ಮುಂದಿಟ್ಟುಕೊಂಡೆವು. ಮೊದಲ ಅರ್ಧ ಪೂರ್ತಿ ಶಿಕ್ಷಕರಿಗೆ. ಇದಕ್ಕೆ ಕೆಲವರಿಗೆ ಸಿಟ್ಟು ಬಂತು, "ತಪ್ಪು ಮಾಡೋದು ಮಕ್ಕಳು, ರೂಲ್ಸ್ ನಮಗಾ?" ಅಂತ. ಮಕ್ಕಳ ಫೋಟೋದ ಜೊತೆ ಹೆಸರು ಹಾಕುವುದಿಲ್ಲ. ಒಬ್ಬೊಬ್ಬರ ಫೋಟೋ ಹಾಕುವುದಿಲ್ಲ, ಗುಂಪಿನದು ಮಾತ್ರ. ದೂರು ಬಂದರೆ ನೋಡುವುದು ಎಚ್‌ಎಂ ಮತ್ತು ಒಬ್ಬ ಶಿಕ್ಷಕಿ, ಮೂರನೆಯವರಿಗೆ ಕಳಿಸುವಂತಿಲ್ಲ. ಮಗುವಿನ ಹತ್ತಿರ ಕಥೆಯನ್ನು ಒಂದೇ ಸಲ ಕೇಳುವುದು, ಬರೆದಿಡುವುದು. ಮಕ್ಕಳ ಫೋನ್ ಕಿತ್ತುಕೊಂಡು ನಾವೇ ಒಳಗೆ ಹುಡುಕುವುದಿಲ್ಲ.

ಗ್ರೂಪ್ ಬಿಡಿಸುವುದು ತಲೆನೋವಾಯಿತು. ಬ್ರಾಡ್‌ಕಾಸ್ಟ್ ಮಾಡಿ ನೋಡಿದೆ. ಪೋಷಕರು ನನ್ನ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಅರ್ಧ ಜನರಿಗೆ ಹೋಗಲೇ ಇಲ್ಲ, ಮಳೆ ರಜೆಯ ದಿನ ಕೊಡೆ ಹಿಡಿದು ಬಂದುಬಿಟ್ಟರು. ಆಮೇಲೆ ವಾಟ್ಸಾಪ್‌ನ ಕಮ್ಯುನಿಟಿ ಮಾಡಿದೆವು. ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಈಗಲೂ ಅದೇ ನಡೆಯುತ್ತಿದೆ.

ಎರಡನೇ ಅರ್ಧ ಮಕ್ಕಳಿಗೆ. "ಸೈಬರ್ ಕಿರುಕುಳ ನಿಷೇಧಿಸಲಾಗಿದೆ" ಅಂತ ಬರೆದು ಓದಿಸಿದೆ. ಒಬ್ಬ ಕೈ ಎತ್ತಿ, "ಮಿಸ್, ಟ್ರೋಲ್ ಮಾಡೋದು ಕಿರುಕುಳಾನಾ?" ಅಂದ. ಸ್ಟಿಕ್ಕರ್ ಮಾಡೋದು, ಗ್ರೂಪಿಂದ ಬೇಕಂತ ತೆಗೆಯೋದು, ಸ್ಟೇಟಸ್‌ಗೆ ಹಾಕಿ ಹೆಸರು ಹೇಳದೆ ಬೈಯೋದು, ಪಟ್ಟಿ ಬೆಳೆಯಿತು. ಅವರ ಮಾತಿನಲ್ಲೇ ಬರೆದೆವು. ಜನವರಿಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬನ ನಿದ್ದೆ ಮಾಡುವ ಮುಖದ ಸ್ಟಿಕ್ಕರ್ ಓಡಾಡಿತು. ಅದಕ್ಕೆ ಪೊಲೀಸು, ಕಲಂ ಏನೂ ಬೇಕಾಗಲಿಲ್ಲ. ಮಾಡಿದವನು ಎಲ್ಲರ ಫೋನಿಂದ ಅಳಿಸುವಂತೆ ಮನೆ ಮನೆಗೆ ಹೋಗಿ ಹೇಳಿ ಬಂದ, ಒಂಬತ್ತು ಮನೆ.

ದೂರಿನ ಪೆಟ್ಟಿಗೆ ಎಚ್‌ಎಂ ಕೋಣೆಯ ಎದುರಿಗೇ ನೇತಾಡುತ್ತಿತ್ತು, ವರ್ಷಗಟ್ಟಲೆ ಖಾಲಿ. ಅದನ್ನು ಕೈತೊಳೆಯುವ ನಲ್ಲಿಯ ಹತ್ತಿರ ಹಾಕಿದೆವು. ಈಗ ವಾರಕ್ಕೆ ಐದಾರು ಚೀಟಿ. ಹೆಚ್ಚಿನವು ಮೊಟ್ಟೆ ಬೆಂದಿಲ್ಲ, ಸಾಂಬಾರ್ ನೀರು ಅಂತ. ನಡುವೆ ಒಂದೊಂದು ಬೇರೆ ಥರದ್ದೂ ಇರುತ್ತದೆ.

ಆ ಮೆಸೇಜ್ ಮಾಡುತ್ತಿದ್ದ ಮನುಷ್ಯ ಸಿಕ್ಕಿದ. ಕೇಸು ಇನ್ನೂ ನಡೆಯುತ್ತಿದೆ. ಸ್ಕ್ರೀನ್‌ಶಾಟ್ ಕೋರ್ಟಿಗೆ ಹೋಗಬೇಕಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು, ಯಾವ ಫೋನಿನಲ್ಲಿ ತೆಗೆದೆವು ಅಂತ ನಾನು ಸಹಿ ಹಾಕಬೇಕು. ಫೋನ್ ಬದಲಾಯಿಸಬೇಡಿ, ರೀಸೆಟ್ ಮಾಡಬೇಡಿ ಅಂದಿದ್ದಾರೆ. ಗಾಜು ಒಡೆದ ಆ ಹಳೇ ಫೋನ್ ಈಗ ಎಚ್‌ಎಂ ಸರ್ ಬೀರುವಿನಲ್ಲಿ, ಸೀಮೆಸುಣ್ಣದ ಡಬ್ಬಿಯ ಪಕ್ಕ ಇದೆ. ತಿಂಗಳಿಗೊಂದು ಶನಿವಾರ ತೆಗೆದು ಚಾರ್ಜ್‌ಗೆ ಹಾಕುತ್ತೇನೆ.