ಗೇಟು ದಾಟಿದರೂ ಕಾಲ್ ಕಟ್ ಆಗದಂತೆ ಮಾಡುವುದು ಹೇಗೆ?

ಕಲಬುರಗಿಯ ಹಳೆ ಕಲ್ಲಿನ ಮನೆಗಳ ಗೋಡೆ ಬಹಳ ದಪ್ಪ. ಪಡಸಾಲೆಯಲ್ಲಿ ಪೂರ್ತಿ ಇದ್ದ ವೈಫೈ, ಅಂಗಳಕ್ಕೆ ಕಾಲಿಟ್ಟ ಕೂಡಲೇ ಒಂದೇ ಗೆರೆಗೆ ಇಳಿಯುತ್ತದೆ. ಬೆಂಗಳೂರಿನಿಂದ ಮಗಳು ಮಾತಾಡುತ್ತಿರುತ್ತಾಳೆ. ಗೇಟಿನ ಹತ್ತಿರ 'ಹಲೋ, ಹಲೋ' ಶುರು. ಇದನ್ನು ಬಹಳ ಮಟ್ಟಿಗೆ ತಪ್ಪಿಸಬಹುದು.

ಮೊದಲು ಒಳಗಿನ ಕೆಲಸ ತಿಳಿಯೋಣ. ನೆಂಟರು ಮುಂಚೆಯೇ ಹೇಳಿ ಕಳಿಸಿದರೆ ನಾವು ರೊಟ್ಟಿ ಬಡಿದು ಇಟ್ಟಿರುತ್ತೇವೆ, ಅಲ್ವಾ? ಟವರ್‌ಗಳೂ ಹಾಗೇ. ನೀವು ಊರೊಳಗೆ ಓಡಾಡುವಾಗ ಹಳೆ ಟವರ್ ಹೊಸದಕ್ಕೆ, 'ಈ ಫೋನಿನಲ್ಲಿ ಮಾತು ನಡೀತಿದೆ, ಇಷ್ಟು ಜಾಗ ಬೇಕು' ಎಂದು ಸುದ್ದಿ ಮುಟ್ಟಿಸುತ್ತದೆ. ಅದು ಒಪ್ಪಿದ ಮೇಲೆಯೇ ಫೋನಿಗೆ ಹೊರಡಲು ಹೇಳುತ್ತದೆ. 4ಜಿಯಲ್ಲಿ ಮಾತಿನ ಕಾಲ್‌ಗೆ 1ನೇ ದರ್ಜೆ; ಮಾತಿನ ಪ್ರತಿ ತುಣುಕನ್ನು 100 ಮಿಲಿಸೆಕೆಂಡಿನೊಳಗೆ ಮುಟ್ಟಿಸಬೇಕು ಎಂಬ ಗುರಿ. ಸಾಮಾನ್ಯ ಇಂಟರ್ನೆಟ್ ಹೆಚ್ಚಾಗಿ 9ನೇ ದರ್ಜೆ, ಗುರಿ 300. ವಾಟ್ಸಾಪ್ ಕಾಲ್ ಹೋಗುವುದು ಈ ಇಂಟರ್ನೆಟ್ ಸಾಲಿನಲ್ಲೇ. ಶರಣಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲಿ ಅದು ಮೊದಲು ತಡವರಿಸುತ್ತದೆ. ತುರ್ತು ಮಾತಿಗೆ ಮಾಮೂಲಿ ಕಾಲೇ ಒಳ್ಳೇದು.

ಈಗ ಫೋನಿನ ಸೆಟ್ಟಿಂಗ್ಸ್ ತೆಗೆಯಿರಿ. ಸಿಮ್ ವಿಭಾಗದಲ್ಲಿ 'ವೋಲ್ಟಿ' (VoLTE, ಅಂದರೆ 4ಜಿ ಮೇಲೆ ಮಾಮೂಲಿ ಕಾಲ್), 'ವೈಫೈ ಕಾಲಿಂಗ್' ಎರಡನ್ನೂ ಆನ್ ಮಾಡಿ. ಎರಡೂ ಬೇಕು. ವೈಫೈ ಕಾಲಿಂಗ್‌ನಲ್ಲಿ ಮಾತು ಸಿಮ್ ಕಂಪನಿಯ ಬಾಗಿಲಿನಿಂದಲೇ ಹೋಗುತ್ತದೆ. ಹಾಗಾಗಿ ನೀವು ಟವರ್‌ಗೆ ಬಂದಾಗ ಕಂಪನಿ ಅದೇ ಕಾಲನ್ನು ಮುಂದುವರಿಸಬಲ್ಲದು. ವಾಟ್ಸಾಪ್‌ನಲ್ಲಿ ಹಾಗಲ್ಲ. ವೈಫೈ ಬಿಟ್ಟರೆ ಫೋನಿನ ಇಂಟರ್ನೆಟ್ ವಿಳಾಸವೇ ಬದಲಾಗುತ್ತದೆ, ಆಪ್ ಹೊಸ ದಾರಿ ಹುಡುಕಬೇಕು. ಆ 'ಹಲೋ, ಹಲೋ' ಅದರದ್ದೇ.

ರೂಟರ್ ಸೆಟ್ಟಿಂಗ್ಸ್‌ನಲ್ಲಿ 'ಡಬ್ಲ್ಯೂಎಂಎಂ' (WMM) ಆನ್ ಇದೆಯಾ ನೋಡಿ. 'ಇದು ಮಾತು' ಎಂದು ಗುರುತು ಹಾಕಿ ಬಂದದ್ದನ್ನು ಅದು ಡೌನ್‌ಲೋಡ್‌ಗಿಂತ ಮುಂದೆ ಬಿಡುತ್ತದೆ.

ಕೊನೆಗೆ ನಡೆದು ನೋಡಿ. ವೈಫೈ ಮೇಲೆ ಮಾಮೂಲಿ ಕಾಲ್ ಮಾಡಿ, ಒಂದರಿಂದ ಐವತ್ತರವರೆಗೆ ಜೋರಾಗಿ ಎಣಿಸುತ್ತಾ ಪಡಸಾಲೆಯಿಂದ ರಸ್ತೆಗೆ ಹೋಗಿ. ಯಾವ ಅಂಕಿ ಕೇಳಲಿಲ್ಲ ಎಂದು ಆ ಕಡೆಯವರು ಬರೆದುಕೊಳ್ಳಲಿ. ನಮ್ಮ ಮನೆಯಲ್ಲಿ 31ರಿಂದ 34 ಮಾಯವಾಗುತ್ತಿದ್ದವು. ರೂಟರ್ ಅಡುಗೆಮನೆ ಅಲಮಾರಿಯಲ್ಲಿತ್ತು. ನಡುವೆ ಕಲ್ಲಿನ ಗೋಡೆ, ಸಿಗ್ನಲ್ ಒಮ್ಮೆಲೇ ಬೀಳುತ್ತಿತ್ತು, ಫೋನಿಗೆ ಹೇಳಿ ಕಳಿಸಲು ಸಮಯವೇ ಇರುತ್ತಿರಲಿಲ್ಲ. ಅದನ್ನು ರಸ್ತೆ ಕಡೆಯ ಕಿಟಕಿಗೆ ತಂದಿಟ್ಟೆವು. ಈಗ ಸಿಗ್ನಲ್ ಮೆಲ್ಲಗೆ ಇಳಿಯುತ್ತದೆ, ಐವತ್ತೂ ಅಂಕಿ ಕೇಳುತ್ತವೆ.