ಬೆಣ್ಣೆ ಗಾಡಿಗೆ ನಾನೇ ಕಟ್ಟಿದ ತಂಪು ಪೆಟ್ಟಿಗೆ

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ನಮ್ಮ ಪಿಕಪ್ ಅಲ್ಲಿನ ಬೆಣ್ಣೆ ದೋಸೆ ಹೋಟೆಲ್‌ಗಳಿಗೆ ಬೆಣ್ಣೆ ಒಯ್ಯುತ್ತದೆ. 20 ಡಿಗ್ರಿ ದಾಟಿದರೆ ಬೆಣ್ಣೆ ಮೆತ್ತಗಾಗುತ್ತದೆ. 32ರಿಂದ 35 ಡಿಗ್ರಿಯೊಳಗೆ ಕರಗಿಯೇ ಹೋಗುತ್ತದೆ. ಹಾಗೆ ಕರಗಿ ನೀರು ಬಿಟ್ಟಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ, ನಿಜ. ಆದರೆ ಆ ಹದ, ಆ ರುಚಿ ವಾಪಸ್ ಬರುವುದಿಲ್ಲ. ದೋಸೆ ಹಾಕುವವರಿಗೆ ಬೆರಳಲ್ಲಿ ಮುಟ್ಟಿದರೇ ಗೊತ್ತಾಗುತ್ತದೆ.

ನಮ್ಮ ಕಡೆ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಕಂಪನಿಯಿಂದಲೇ ಶೀತಲ ಯಂತ್ರ ಕೂರಿಸಿಕೊಂಡು ಬರುವ ಗಾಡಿ ಕೊಳ್ಳುವ ಶಕ್ತಿ ಒಂದೇ ಗಾಡಿ ಇಟ್ಟುಕೊಂಡವರಿಗೆ ಇರುವುದಿಲ್ಲ. ಅದಕ್ಕೇ ನಾನೇ ಒಂದು ಪೆಟ್ಟಿಗೆ ಮಾಡಿಕೊಳ್ಳೋಣ ಅಂತ ಕೂತೆ. ಆದರೆ ತಂಪು ಮಾಡುವ ಸಾಮಾನಿಗೆ ಒಂದು ರೂಪಾಯಿ ಹಾಕುವ ಮೊದಲು, ಬಿಸಿ ಎಲ್ಲಿಂದ ಬರುತ್ತಿದೆ ಅಂತ ಅಳೆದು ನೋಡಿದೆ. ಈ ಕೆಲಸಕ್ಕೆ ಕೈ ಹಾಕುವವರಿಗೆಲ್ಲ ನಾನು ಹೇಳುವುದು ಇದನ್ನೇ: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ.

ಅಳೆಯಲು ಬಳಸಿದ್ದು ಡಿಎಸ್18ಬಿ20 ಅನ್ನುವ ಸೆನ್ಸರ್. ಸ್ಟೀಲ್ ಕೊಳವೆಯೊಳಗೆ ಕೂತು, ನೀರು ಒಳಗೆ ಹೋಗದ ಹಾಗೆ ಸಿಗುತ್ತದೆ. ಬೆಲೆಯೂ ಜಾಸ್ತಿ ಇಲ್ಲ. ನಮಗೆ ಬೇಕಾದ ಮಟ್ಟದಲ್ಲಿ ಅರ್ಧ ಡಿಗ್ರಿ ಆಚೀಚೆ ಸರಿಯಾಗಿ ತೋರಿಸುತ್ತದೆ. ಇದರ ದೊಡ್ಡ ಅನುಕೂಲ ಏನೆಂದರೆ, ಎಷ್ಟೋ ಸೆನ್ಸರ್‌ಗಳನ್ನು ಮೂರೇ ತಂತಿಯ ಮೇಲೆ ಸಾಲಾಗಿ ಕಟ್ಟಬಹುದು. ಡೇಟಾ ತಂತಿಗೂ 3.3 ವೋಲ್ಟ್ ತಂತಿಗೂ ನಡುವೆ ಒಂದೇ ಒಂದು 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಸಾಕು. ಪ್ರತಿ ಸೆನ್ಸರ್‌ಗೂ ಅದರದ್ದೇ ನಂಬರ್ ಒಳಗೇ ಬರೆದಿರುತ್ತದೆ. ಯಾವ ನಂಬರ್ ಯಾವ ಸೆನ್ಸರ್‌ದು ಅಂತ ತಿಳಿಯಲು ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದೆ. ಯಾವುದರ ಅಂಕಿ ಮೇಲೇರುತ್ತದೋ ಅದಕ್ಕೆ ಚೀಟಿ ಅಂಟಿಸಿದೆ. ಅದಕ್ಕೂ ಮೊದಲು ಎಲ್ಲವನ್ನೂ ಪುಡಿ ಮಾಡಿದ ಐಸು ಮತ್ತು ನೀರು ತುಂಬಿದ ಪಾತ್ರೆಯಲ್ಲಿ ಅದ್ದಿ, ಕದಡುತ್ತಾ ನೋಡಿದ್ದೆ. ಅಲ್ಲಿ ಸೊನ್ನೆ ತೋರಿಸಬೇಕು. ಸ್ವಲ್ಪ ಹೆಚ್ಚುಕಮ್ಮಿ ತೋರಿಸಿದ್ದರ ಲೆಕ್ಕವನ್ನು ಪ್ರೋಗ್ರಾಂನಲ್ಲೇ ಸರಿ ಮಾಡಿದೆ.

ಇವನ್ನೆಲ್ಲ ಓದುವುದು, ಆ ಪ್ರೋಗ್ರಾಂ ಓಡಿಸುವುದು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಅದನ್ನು ಕ್ಯಾಬಿನ್‌ನಲ್ಲೇ ಇಡಬೇಕು. ತಣ್ಣನೆ ಪೆಟ್ಟಿಗೆಯ ಬಾಗಿಲು ತೆರೆದಾಗ ಒಳಗೆಲ್ಲ ನೀರು ಹನಿಗಟ್ಟುತ್ತದೆ, ಬೋರ್ಡು ಅಲ್ಲಿದ್ದರೆ ಬಾಳಿಕೆ ಬರುವುದಿಲ್ಲ. ಸ್ಕ್ರೂ ಹಾಕಿ ಬಿಗಿಯುವ ಕನೆಕ್ಟರ್‌ಗಳು ಗಾಡಿಯ ಅದುರಿಗೆ ಸಡಿಲವಾಗುತ್ತವೆ. ಅದಕ್ಕೇ ಎಲ್ಲಾ ಜಾಯಿಂಟ್‌ಗಳಿಗೂ ಬೆಸುಗೆ ಹಾಕಿ, ಮೇಲೆ ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ಬ್ಯಾಟರಿಯ 12 ವೋಲ್ಟ್ ಅನ್ನುವುದು ಹೆಸರಿಗೆ ಮಾತ್ರ. ಇಂಜಿನ್ ಓಡುವಾಗ 14ರ ಹತ್ತಿರ ಇರುತ್ತದೆ, ಮಧ್ಯೆ ಮಧ್ಯೆ ಇನ್ನೂ ಎತ್ತರಕ್ಕೆ ಜಿಗಿಯುತ್ತದೆ. ಅದನ್ನು ತಡೆಯಲು ಮೊದಲು ಒಂದು ಟಿವಿಎಸ್ ಡಯೋಡ್, ಅದಾದ ಮೇಲೆ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ ಹಾಕಿದೆ. ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪ್ಲಸ್ ಹತ್ತಿರವೇ, ಬೋರ್ಡಿನ ಹತ್ತಿರ ಅಲ್ಲ. ದಾರಿಯಲ್ಲಿ ತಂತಿ ಉಜ್ಜಿ ಗಾಡಿಯ ಕಬ್ಬಿಣದ ಮೈಗೆ ತಾಗಿದರೆ ಕಾಪಾಡುವುದು ಆ ಫ್ಯೂಸ್ ಒಂದೇ.

ಸೆನ್ಸರ್ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಒಂದನ್ನು ಚಾವಣಿಯ ಕೆಳಗೆ, ಒಂದನ್ನು ಬಾಗಿಲ ಹತ್ತಿರ, ಒಂದನ್ನು ನೆಲದಲ್ಲಿ, ಒಂದನ್ನು ಹೊರಗೆ ನೆರಳಲ್ಲಿ ಇಟ್ಟೆ. ಇನ್ನೊಂದನ್ನು ಮಾರಾಟಕ್ಕಲ್ಲದ ಒಂದು ಚಿಕ್ಕ ಡಬ್ಬಿ ಬೆಣ್ಣೆಯ ನಡುವೆ ಹುದುಗಿಸಿದೆ. ಬಾಗಿಲು ತೆರೆದ ತಕ್ಷಣ ಗಾಳಿಯ ಸೆನ್ಸರ್ ಸರ್ರನೆ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಅದನ್ನೇ ನಂಬಿದರೆ ಸುಮ್ನೆ ಗಾಬರಿ. ಬೆಣ್ಣೆಯೊಳಗಿನದು ನಿಧಾನ. ಆದರೆ ಹೋಟೆಲ್‌ನವರಿಗೆ ಬೇಕಾದ ಸತ್ಯ ಹೇಳುವುದು ಅದು. ಲಸಿಕೆ ಇಡುವ ಫ್ರಿಜ್‌ಗಳಲ್ಲೂ ಇದೇ ಕಾರಣಕ್ಕೆ ಸೆನ್ಸರನ್ನು ಗ್ಲೈಕಾಲ್ ಅನ್ನುವ ದ್ರವ ತುಂಬಿದ ಶೀಷೆಯಲ್ಲಿ ಮುಳುಗಿಸಿ ಇಡುತ್ತಾರೆ.

ಓದಿದ ಅಂಕಿಗಳೆಲ್ಲ ಮೆಮೊರಿ ಕಾರ್ಡಿನಲ್ಲಿ ಸಮಯದ ಜೊತೆ ಬರೆದುಕೊಳ್ಳುತ್ತವೆ. ಸಮಯಕ್ಕೆ ಡಿಎಸ್3231 ಗಡಿಯಾರದ ಚಿಪ್ ಇದೆ. ಡ್ರೈವರ್ ಫೋನಿನ ಹಾಟ್‌ಸ್ಪಾಟ್ ಸಿಕ್ಕರೆ ನನ್ನ ಫೋನಿಗೂ ಬರುತ್ತದೆ. ಆದರೆ ಅಲಾರಂ ಮೊದಲು ಹೊಡೆಯಬೇಕಾದ್ದು ಕ್ಯಾಬಿನ್‌ನಲ್ಲಿ. ದಾವಣಗೆರೆಯಲ್ಲಿ ಕೂತ ನಾನು ಶಿರಾ ಹತ್ತಿರ ಇರುವ ಗಾಡಿಗೆ ಏನು ಮಾಡಲು ಸಾಧ್ಯ, ಹೇಳಿ? ಬಜರ್ ಡ್ರೈವರ್ ಕಿವಿಯ ಹತ್ತಿರ ಇದ್ದರೆ ಅವನು ಗಾಡಿ ನಿಲ್ಲಿಸಿ ಬಾಗಿಲಾದರೂ ನೋಡುತ್ತಾನೆ.

ತಂಪಿನ ಸಾಮಾನು ಏನೂ ಇಲ್ಲದೆ, ಬರೀ ಸೆನ್ಸರ್ ಕಟ್ಟಿಕೊಂಡು ಗಾಡಿ ಓಡಿಸಿದೆವು. ಎರಡು ವಿಷಯ ಎದ್ದು ಕಂಡವು. ಒಂದು, ಮಧ್ಯಾಹ್ನ ಹೊರಟ ದಿನ ಬಾಗಿಲ ಹತ್ತಿರವೇ ಬಿಸಿ ಹೆಚ್ಚು. ನಮ್ಮ ದಾರಿ ಆಗ್ನೇಯಕ್ಕೆ ಸಾಗುತ್ತದೆ. ಹಾಗಾಗಿ ಪಡುವಣ ಬಿಸಿಲು ಹಿಂಬಾಗಿಲಿಗೆ ಮತ್ತು ಬಲಗಡೆಗೆ ನೇರ ಹೊಡೆಯುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಬೆಣ್ಣೆ ಮೆತ್ತಗೆ ಬಂತು ಅಂತ ಹೋಟೆಲ್‌ನಿಂದ ಫೋನ್ ಬಂದಾಗಲೆಲ್ಲ ಮಾತು ಬೀಳುತ್ತಿದ್ದುದು ಡ್ರೈವರ್ ಮೇಲೆ. "ಅಣ್ಣಾ, ಲೋಡ್ ಹತ್ತಿಸುವಾಗಲೇ ಮೆತ್ತಗಿತ್ತು" ಅಂತ ಅವನು ಹೇಳುತ್ತಲೇ ಇದ್ದ. ಲೋಡ್ ಆಗುವಾಗಲೇ ಡಬ್ಬದ ನಡುವಿಗೆ ಸೆನ್ಸರ್ ಚುಚ್ಚಿ ನೋಡಿದೆ. 20 ದಾಟಿತ್ತು. ಅವನು ಹೇಳಿದ್ದು ನಿಜವಾಗಿತ್ತು. ಅವತ್ತಿನಿಂದ ಲೋಡ್ ಮಾಡುವ ಮುಂಚೆ ಅಳೆದು, 6 ಡಿಗ್ರಿಗಿಂತ ಮೇಲಿದ್ದರೆ ಹತ್ತಿಸುವುದಿಲ್ಲ. ಮೊದಮೊದಲು ಬೆಣ್ಣೆ ಕೊಡುವವರು ಮುಖ ಸಿಂಡರಿಸಿದರು. ಅಂಕಿ ತೋರಿಸಿದ ಮೇಲೆ ಹಿಂದಿನ ರಾತ್ರಿಯೇ ಫ್ರೀಜರ್‌ಗೆ ಹಾಕಿ ಇಡತೊಡಗಿದರು. ಸಂಬಳಕ್ಕೆ ದುಡಿಯುವವನ ಮೇಲಿನ ಅಪವಾದ ತೆಗೆಯಲು ಒಂದು ಮೆಮೊರಿ ಕಾರ್ಡ್ ಸಾಕಾಯಿತು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟಿದ್ದು ಇದೇ.

ಇದರ ಹಿಂದೆ ಲೆಕ್ಕವೂ ಇದೆ. ನೂರು ಕೆಜಿ ಬೆಣ್ಣೆಯನ್ನು 20ರಿಂದ 5 ಡಿಗ್ರಿಗೆ ಇಳಿಸಲು ಕನಿಷ್ಠ ಹತ್ತು ಕೆಜಿ ಐಸು ಕರಗಬೇಕು. ಅಷ್ಟನ್ನು ದಾರಿಯಲ್ಲಿ ಖರ್ಚು ಮಾಡುವ ಬದಲು ರಾತ್ರಿ ಮನೆ ಕರೆಂಟಿನಲ್ಲಿ ಮುಗಿಸುವುದು ಒಳ್ಳೆಯದು ಅಲ್ವಾ?

ಪೆಟ್ಟಿಗೆ ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಸುತ್ತಲೂ 75 ಮಿಲಿಮೀಟರ್ ದಪ್ಪದ ಪಫ್ ಪ್ಯಾನೆಲ್, ಅಂದರೆ ಶಾಖ ತಡೆಯುವ ಗಟ್ಟಿ ಫೋಮಿನ ಹಲಗೆ. ಥರ್ಮಾಕೋಲ್ ಅಗ್ಗ, ಆದರೆ ಅಷ್ಟೇ ಶಾಖ ತಡೆಯಲು ಅದು ಒಂದೂವರೆ ಪಟ್ಟು ದಪ್ಪ ಬೇಕು, ಒಳಗಿನ ಜಾಗ ತಿನ್ನುತ್ತದೆ. ಹೊರಗೆ 38, ಒಳಗೆ 6 ಡಿಗ್ರಿ ಅಂತ ಹಿಡಿದರೆ ಗೋಡೆಗಳಿಂದ ಒಳಬರುವ ಶಾಖ ಸುಮಾರು 120 ವ್ಯಾಟ್. ಒಂದು ಕೆಜಿ ಐಸು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಆರು ಗಂಟೆ ದಾರಿಗೆ ಲೆಕ್ಕ ಹಾಕಿದರೆ ಎಂಟು ಕೆಜಿ ಐಸು. ಬಾಗಿಲ ಸಂದು, ಕಾದ ಚಾವಣಿ, ಬೆಂಗಳೂರಿನಲ್ಲಿ ಹೋಟೆಲ್ ಹೋಟೆಲ್‌ಗೂ ಬಾಗಿಲು ತೆರೆಯುವುದು, ಎಲ್ಲಾ ಸೇರಿಸಿ ಮೂರು ಪಟ್ಟು ಹಿಡಿದೆ. 25 ಕೆಜಿ.

ಈ ಲೆಕ್ಕ ಮುಂದಿಟ್ಟುಕೊಂಡ ಮೇಲೆ ಪೆಲ್ಟಿಯರ್ ತಟ್ಟೆಯ, ಅಂದರೆ ಕರೆಂಟ್ ಹರಿಸಿದರೆ ಒಂದು ಮುಖ ತಣ್ಣಗಾಗುವ ತಟ್ಟೆಯ, ಆಸೆ ಬಿಟ್ಟೆ. ವಿಡಿಯೋಗಳಲ್ಲಿ ನೋಡಲು ಚೆನ್ನಾಗಿರುತ್ತದೆ. ಆದರೆ ಒಳಗೂ ಹೊರಗೂ 30 ಡಿಗ್ರಿ ವ್ಯತ್ಯಾಸ ಇರುವಾಗ ಅದು ಪೆಟ್ಟಿಗೆಯೊಳಗಿಂದ ಎಳೆಯುವ ಶಾಖ, ತಿನ್ನುವ ಕರೆಂಟಿಗಿಂತ ಬಹಳ ಕಡಿಮೆ. ಬದಲಿಗೆ ಚಪ್ಪಟೆ ಪ್ಲಾಸ್ಟಿಕ್ ಕ್ಯಾನ್‌ಗಳಲ್ಲಿ ನೀರು ತುಂಬಿ, ರಾತ್ರಿ ಡೀಪ್ ಫ್ರೀಜರ್‌ನಲ್ಲಿ ಗಟ್ಟಿ ಮಾಡುತ್ತೇವೆ. ಐಸು ಆಗುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಕಂಠಮಟ್ಟ ತುಂಬಬೇಡಿ. ಉಪ್ಪು ಹಾಕಿದರೆ ಇನ್ನೂ ತಂಪು ಅಂತ ಕೆಲವರು ಹೇಳುತ್ತಾರೆ. ಶೇಕಡಾ 23 ಉಪ್ಪಿನ ನೀರು ಪೂರ್ತಿ ಗಟ್ಟಿಯಾಗಲು ಮೈನಸ್ 21 ಡಿಗ್ರಿ ಬೇಕು. ಅಂಗಡಿಯ ಫ್ರೀಜರ್ ಮೈನಸ್ 18ರ ಹತ್ತಿರ ನಿಲ್ಲುತ್ತದೆ. ಗಟ್ಟಿಯಾಗದ ಉಪ್ಪುನೀರಿನಿಂದ ಹೆಚ್ಚು ಪ್ರಯೋಜನವಿಲ್ಲ. ಬೆಣ್ಣೆಗೆ ಬರೀ ನೀರೇ ಸಾಕು.

ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಹಾಗಾಗಿ ಕ್ಯಾನ್‌ಗಳು ಮೇಲೆ. ಅವುಗಳ ಪಕ್ಕ ಕಂಪ್ಯೂಟರ್‌ನ ಎರಡು 12 ವೋಲ್ಟ್ ಫ್ಯಾನ್. 6 ಡಿಗ್ರಿಗೆ ಶುರು, 4ಕ್ಕೆ ಬಂದ್. ಶುರುವಿಗೂ ಬಂದ್‌ಗೂ ಎರಡು ಡಿಗ್ರಿ ಅಂತರ ಇಲ್ಲದಿದ್ದರೆ ಫ್ಯಾನ್ ಹಚ್ಚಿ ಆರಿಸುವ ಸ್ವಿಚ್ಚಾದ ರಿಲೇ ಟಕಟಕ ಹೊಡೆದು ಬೇಗ ಹಾಳಾಗುತ್ತದೆ. ನೆಲಕ್ಕೆ ಮರದ ಪಟ್ಟಿ ಹಾಸಿದ್ದೇವೆ, ಡಬ್ಬಗಳ ಕೆಳಗೂ ಗಾಳಿ ಆಡಬೇಕು. ಚೌಕಟ್ಟಿಗೂ ಮರವೇ. ಕಬ್ಬಿಣದ ಆಂಗಲ್ ಹೊರಗಿಂದ ಒಳಗೆ ಹಾದರೆ ಅದೇ ಶಾಖಕ್ಕೆ ಸೇತುವೆ. ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಹಾಕಿ, ಹೊರಗಿನಿಂದ ಸುತ್ತ ನೋಡಿದೆವು. ಬೆಳಕು ಕಂಡ ಕಡೆಯೆಲ್ಲ ರಬ್ಬರ್ ಪಟ್ಟಿ ಬದಲಾಯಿಸಿದೆವು. ಹಿಂಬಾಗಿಲಿಗೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಪರದೆ, ಹೊರಗೆ ಬಿಳಿ ಬಣ್ಣ. ಗಾಡಿಯ ಬಾಡಿಯನ್ನೇ ಬದಲಾಯಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಬಾಡಿಗೆ ಬೆಸೆಯದೆ, ಸರಕಿನ ಹಾಗೆ ಬೆಲ್ಟ್ ಬಿಗಿದು ಒಯ್ಯುತ್ತೇವೆ.

ಈಗ ಬೆಳಿಗ್ಗೆ 4 ಡಿಗ್ರಿಗೆ ಹತ್ತಿಸಿದ ಬೆಣ್ಣೆ ಕೊನೆಯ ಹೋಟೆಲ್ ತಲುಪುವಾಗ 10ರೊಳಗೆ ಇರುತ್ತದೆ. ಐಸ್‌ಕ್ರೀಮ್‌ಗೆ ಈ ಪೆಟ್ಟಿಗೆ ಆಗುವುದಿಲ್ಲ. ಅದಕ್ಕೆ ಮೈನಸ್ 18 ಬೇಕು, ಬರೀ ನೀರಿನ ಐಸಿನಿಂದ ಅದು ಸಾಧ್ಯವಿಲ್ಲ. ಟೊಮೆಟೊ ಒಯ್ಯುವವರು ಫ್ಯಾನ್ ಶುರುವಾಗುವ ಅಂಕಿಯನ್ನು 13ರ ಮೇಲೆ ಇಟ್ಟುಕೊಳ್ಳಿ, 10ಕ್ಕಿಂತ ಕೆಳಗೆ ಹೋದರೆ ಕಾಯಿಗೆ ಚಳಿ ಹೊಡೆಯುತ್ತದೆ. ಚಳ್ಳಕೆರೆಯಿಂದ ಈರುಳ್ಳಿ ತುಂಬುವವರಿಗೆ ಐಸೇ ಬೇಡ, ಗಾಳಿ ಸಾಕು. ಅವರು ಪೆಟ್ಟಿಗೆ ಬಿಟ್ಟು ಸೆನ್ಸರ್ ಮತ್ತು ಫ್ಯಾನ್ ಮಾತ್ರ ತೆಗೆದುಕೊಂಡು, ಮೂಟೆಗಳ ನಡುವಿನ ಬಿಸಿ ಹೊರಗಿನದಕ್ಕಿಂತ ಹೆಚ್ಚಾದಾಗ ಫ್ಯಾನ್ ತಿರುಗುವ ಹಾಗೆ ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಾಯಿಸಿದರೆ ಆಯಿತು.